ಕಸ್ತೂರಿ ಸಿಸ್ಟರ್ ನಿದ್ದೆಯ ಪೆಟ್ಟಿಗೆ

ಕಾದ ಹಂಚಿನ ಮೇಲೆ ದೊಡ್ಡಪತ್ರೆ ಎಲೆ ಬಾಡುವ ವಾಸನೆ ಮೂಗಿಗೆ ಬಿದ್ದರೆ ಸಾಕು, ಕಸ್ತೂರಿ ಸಿಸ್ಟರ್‌ಗೆ ಅಜ್ಜಿಯ ಮಡಿಲು ನೆನಪಾಗುತ್ತಿತ್ತು. ಕೆಮ್ಮು ಬಂದ ದಿನ ಅಜ್ಜಿ ಆ ರಸ ಹಿಂಡಿ ಕುಡಿಸಿ ತೊಡೆಯ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಅಂಥ ನಿದ್ದೆ ಮತ್ತೆ ಬಂದಿರಲಿಲ್ಲ. ಈಗ ಮಟಮಟ ಮಧ್ಯಾಹ್ನ, ಎದೆರೋಗದ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಅದೇ ವಾಸನೆ! ಬರುತ್ತಿದ್ದದ್ದು ಡಾಕ್ಟರ್ ಅಂದಾನಪ್ಪನವರ ಹೊಸ ಬ್ಯಾಟರಿ ಪೆಟ್ಟಿಗೆಯಿಂದ.

ಡಾಕ್ಟರು ರೋಗಿಗಳ ಮತ್ತು ನರ್ಸುಗಳ ನಿದ್ದೆಯ ಬಗ್ಗೆ ಸಂಶೋಧನೆ ನಡೆಸಿದ್ದರು. "ನಿನ್ನೆ ಎಷ್ಟು ತಾಸು ಮಲಗಿದಿರಿ?" ಎಂಬ ಪ್ರಶ್ನೆಗೆ ಹನ್ನೊಂದು ಜನ ರೋಗಿಗಳೂ "ಕೆಮ್ಮು ಬಿಟ್ಟರ ಹೇಳತೇವಿ" ಎಂದು ಬರೆಸಿದ್ದರು. ಇಬ್ಬರ ಕೆಲಸ ಒಬ್ಬಳೇ ಮಾಡುತ್ತ ಒಂಬತ್ತು ದಿನದಿಂದ ನೆಟ್ಟಗೆ ಕಣ್ಣು ಮುಚ್ಚದ ಕಸ್ತೂರಿ "ಪ್ರಶ್ನೆ ಅರ್ಥವಾಗಲಿಲ್ಲ" ಎಂದು ಬರೆದಿದ್ದಳು.

"ನೋಡ್ರಿ ಸಿಸ್ಟರ್, ಒಬ್ಬರ ನಿದ್ದಿ ತುಂಬಿಸಿ ಎಲ್ಲಾರಿಗೂ ಹಂಚೂ ಪೆಟ್ಟಿಗಿ! ಗುಂಯ್ ಅನ್ನೂ ಸಪ್ಪಳ ಕಿವಿಗೆ ಬಿತ್ತೋ, ಮುಗೀತು! ದೊಡ್ಡಪತ್ರಿ ಘಾಟು ಎದ್ಯಾಗಿನ ಕಫಾ ಬಿಡಸಾಕ!"

"ಯಾರ ನಿದ್ದಿ ತುಂಬೀರಿ ಸರ?"

"ನಿಮ್ಮದ! ನಿನ್ನೆ ಸ್ಟೂಲ್ ಮ್ಯಾಲೆ ಹತ್ತು ನಿಮಿಷ ತೂಕಡಿಸಿದಿರಲ್ಲ? ಕುಂತಲ್ಲೇ ಬರೂ ನಿದ್ದಿ, ಎಷ್ಟು ಗಟ್ಟಿ ಇರಬೇಕು!"

"ಅಯ್ಯ, ಅದು ನಿದ್ದಿ ಅಲ್ರಿ ಸರ, ಡ್ಯೂಟಿ!"

ಡಾಕ್ಟರು ಆಗಲೇ ಕಿವಿಗೆ ಹತ್ತಿ ತುರುಕಿಕೊಂಡು ಗುಂಡಿ ಒತ್ತಿದ್ದರು.

ಎರಡೇ ನಿಮಿಷ! ಹನ್ನೊಂದು ಮಂಚಗಳಿಂದಲೂ ಗೊರಕೆ! ಮೂವತ್ತು ವರ್ಷ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ದುಡಿದು ಧೂಳಿಗೆ ಎದೆಯನ್ನೂ ಸದ್ದಿಗೆ ಅರ್ಧ ಕಿವಿಯನ್ನೂ ಕಳೆದುಕೊಂಡ ಫಕ್ಕೀರಪ್ಪ ಕೂಡ ಬಾಯಿ ತೆರೆದು ಮಲಗಿದ. ಕಸ್ತೂರಿಗೆ ಮಾತ್ರ ಏನೂ ಆಗಲಿಲ್ಲ. ತನ್ನದೇ ನಿದ್ದೆ, ತನಗೇನು ಹೊಸದು!

ಆಗ ಏಳನೇ ಮಂಚದವನು ಕೆಮ್ಮಿದ. ಖೊಕ್!

ಉಳಿದ ಹತ್ತು ಜನ ಕಣ್ಣು ಮುಚ್ಚಿಕೊಂಡೇ ದಡಕ್ಕನೆ ಎದ್ದರು! ಒಬ್ಬ ದಿಂಬು ಎತ್ತರಿಸಿದ, ಒಬ್ಬ ಬಿಸಿನೀರು ತಂದ, ಇನ್ನೊಬ್ಬ ಇಲ್ಲದ ವಾಚು ನೋಡುತ್ತ ನಾಡಿ ಹಿಡಿದ. "ಸಾವಕಾಶ, ಯಪ್ಪಾ, ಸಾವಕಾಶ ಉಸಿರು ತಗೋರಿ" ಎಂದು ಹತ್ತೂ ಬಾಯಿ ಕಸ್ತೂರಿಯ ಧಾಟಿಯಲ್ಲೇ ರಮಿಸಿದವು. ಏಳನೆಯವನು ಸುಧಾರಿಸಿಕೊಂಡ. ಮರಳಿ ಎಲ್ಲರ ಗೊರಕೆ!

"ಆಫ್ ಮಾಡ್ರಿ ಸರ!"

ಡಾಕ್ಟರು ಕೈ ಚಾಚುವಷ್ಟರಲ್ಲಿ ಮೂರನೇ ಮಂಚದಲ್ಲಿ ಕೆಮ್ಮು. ಎದ್ದವರೆಲ್ಲ ಡಾಕ್ಟರನ್ನೇ ಅಡ್ಡಗಟ್ಟಿದರು. "ಭೇಟಿ ಟೈಮ್ ಮುಗದೇತಿ! ಚಪ್ಪಲಿ ಹೊರಗ ಬಿಡ್ರಿ!"

"ನಾನು ಡಾಕ್ಟರ್ ಅದೀನೋ!"

"ಎಲ್ಲಾರೂ ಹಂಗ ಅಂತಾರ. ಕಿವ್ಯಾಗ ಏನದು? ತೆಗೀರಿ!"

ಹತ್ತಿ ಹೊರಬಂತು. ಡಾಕ್ಟರು ನಿಂತಲ್ಲೇ ಗೊರಕೆ ಹೊಡೆದರು. ಮುಂದಿನ ಕೆಮ್ಮಿಗೆ ಕಣ್ಣು ಮುಚ್ಚಿಕೊಂಡೇ ಬಗ್ಗಿ, ಬೆಡ್‌ಪ್ಯಾನ್ ಎತ್ತಿ, ತೊಳೆಯಲು ಹೊರಟರು! ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಕಸ್ತೂರಿ ಇಂಥದ್ದು ಕಂಡಿರಲಿಲ್ಲ.

ನಗುತ್ತಲೇ ಅವಳು ಗುಂಡಿಗೆ ಕೈ ಚಾಚಿದಳು. ಬೆನ್ನ ಹಿಂದೆ ಮತ್ತೆ ಕೆಮ್ಮು. ಅವಳ ಕಾಲು ತಾನಾಗಿ ತಿರುಗಿತು. ಅಷ್ಟರಲ್ಲಿ ಹತ್ತು ಜನ ಓಡಿಯಾಗಿತ್ತು. ಕೈ ಹಾಗೆಯೇ ಕೆಳಗಿಳಿಯಿತು. ಐದೇ ನಿಮಿಷ ಎಂದುಕೊಂಡು ಖಾಲಿಯಿದ್ದ ಹನ್ನೆರಡನೇ ಮಂಚದ ಮೇಲೆ ಕೂತಳು.

ಎಚ್ಚರವಾದಾಗ ಸಂಜೆಬಿಸಿಲು ಗೋಡೆ ಹತ್ತಿತ್ತು. ಮೈಮೇಲೆ ಯಾರದೋ ಕೌದಿ. ಯಾರೋ ಕೆಮ್ಮಿದರು; ಪಕ್ಕದವನು ನೀರು ಕೊಟ್ಟ. ಅವನ ಕಣ್ಣುಗಳು ತೆರೆದಿದ್ದವು! ಗುಂಯ್ ಸದ್ದೂ ಇರಲಿಲ್ಲ.

"ಯಾವಾಗ ಎಚ್ಚರಾದ್ರಿ ನೀವೆಲ್ಲಾ?"

"ಮೂರಕ್ಕ" ಎಂದ ಫಕ್ಕೀರಪ್ಪ. "ನಂದು ಅರ್ಧ ಕಿವುಡು ನೋಡ್ರಿ, ಮೊದಲ ನಂದ ನಿದ್ದಿ ಹರೀತು. ಪೆಟ್ಟಿಗಿ ಎತ್ತಿ ಬ್ಯಾರೆ ಕಡೆ ಇಟ್ಟೆ. ಆಮ್ಯಾಲೆ ನಾವ ಪಾಳಿ ಹಚ್ಚಿ ಒಬ್ಬರನ್ನೊಬ್ಬರು ನೋಡಕೊಂಡ್ವಿ. ನಿಮ್ಮನ್ನ ಎಬ್ಬಸಾಕ ಮನಸಾಗಲಿಲ್ಲ, ಅಕ್ಕಾರ."

"ಮತ್ತ ಡಾಕ್ಟರು?"

"ತೊಳಿಯೂ ಕೋಣ್ಯಾಗ. ಪೆಟ್ಟಿಗಿ ಚಾಲೂ ಅಲ್ಲೇ ಇಟ್ಟು ಬಾಗಲಾ ಹಾಕೇನಿ. ಇನ್ನೂ ಎರಡು ಬೆಡ್‌ಪ್ಯಾನ್ ಉಳದಾವು."

ಅಷ್ಟು ಹೇಳಿ ಫಕ್ಕೀರಪ್ಪ ಮನೆಯಿಂದ ಬಂದ ತನ್ನ ಬುತ್ತಿ ಬಿಚ್ಚಿದ. ಎರಡು ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕಿ ಅವಳ ಕೈಗಿಟ್ಟ.