ದೊಡ್ಡಮ್ಮನ ಗೇಟು ಯಾವ ಕಡೆ?

ಶಿವಣ್ಣನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಆ ಸಂಜೆ ನಾವು ನಾಲ್ಕು ಜನರಿದ್ದೆವು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದ ಶಿವಣ್ಣ, ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ರಂಗಣ್ಣ, ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ನಾನು, ಮತ್ತು ನಿಂತುಹೋದ ಅಲಾರಂ ಗಡಿಯಾರವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ ನನ್ನ ದೊಡ್ಡಮ್ಮ ಗಂಗಮ್ಮ. ನಾನು ಭೂಗೋಳದ ಮೇಷ್ಟ್ರು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ಓದಿ ನೀವು ಆಶ್ಚರ್ಯಪಡುವಾಗ ಅದು ನೆನಪಿನಲ್ಲಿರಲಿ.

ಪ್ರಪಂಚದಲ್ಲಿ ಹೆಚ್ಚಿನವರು ಎಲ್ಲಿಗಾದರೂ ಹೋಗುವುದಕ್ಕೆ ರೈಲು ಹತ್ತುತ್ತಾರೆ. ಇನ್ನು ಕೆಲವರು ರೈಲು ಹತ್ತುವುದಕ್ಕಾಗಿಯೇ ಎಲ್ಲಿಗಾದರೂ ಹೋಗುತ್ತಾರೆ. ನಾನು, ಶಿವಣ್ಣ, ರಂಗಣ್ಣ ಈ ಎರಡನೆಯ ಪಂಗಡಕ್ಕೆ ಸೇರಿದವರು. ತಿಪಟೂರಿನಂಥ ಊರಿನಲ್ಲಿ ಇಂಥವರು ಮೂರು ಜನ ಸಿಕ್ಕಿದ್ದೇ ಹೆಚ್ಚು. ಸಂಜೆಯ ಗಾಡಿ ಬರುವ ಹೊತ್ತಿಗೆ ನಾವು ಪ್ಲಾಟ್‌ಫಾರಂ ಮೇಲೆ ಹಾಜರ್. ಬರುವವರೂ ಇಲ್ಲ, ಹೋಗುವವರೂ ಇಲ್ಲ, ಆದರೂ ಎಂಜಿನ್ನನ್ನು ಎದುರುಗೊಳ್ಳಲು ನಿಂತಿರುತ್ತಿದ್ದೆವು. ನನ್ನ ಹೆಂಡತಿ ಸರೋಜ ಯಾರಾದರೂ ಮನೆಗೆ ಬಂದು ನನ್ನನ್ನು ವಿಚಾರಿಸಿದರೆ, "ಸ್ಟೇಷನ್ನಿಗೆ ಹೋಗವ್ರೆ, ರೈಲು ಊಟ ಮಾಡ್ತೋ ಇಲ್ವೋ ಕೇಳ್ಕೊಂಡು ಬತ್ತಾರೆ" ಎನ್ನುತ್ತಿದ್ದಳು.

ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕುತ್ತಾರೆ ಎಂಬ ಸುದ್ದಿ ಬಂದ ತೊಂಬತ್ತರ ದಶಕದ ದಿನಗಳು ಅವು. ಊರಿಗೆಲ್ಲ ಸಂತೋಷ. ನಮಗೆ ಮೂವರಿಗೆ ಮಾತ್ರ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಂತಾಗಿತ್ತು. ಆ ಸಂಜೆ ಇದೇ ಮಾತು ನಡೆದಿದ್ದಾಗ ರಂಗಣ್ಣ, "ಒಂದು ಸ್ಪೆಷಲ್ ಬೋಗಿ ಕೇಳಾಣ ಕಣ್ರೀ. ರೈಲ್ ಅಂದ್ರೆ ಆಸೆ ಇರೋರ್ನೆಲ್ಲ ಕೂರಿಸ್ಕೊಂಡು ತುಮಕೂರಿಗೆ ಹೋಗಿ ಬರಾಣ. ಕಡೇ ಸಾರಿ" ಎಂದ. ಶಿವಣ್ಣ ಭೂತಗನ್ನಡಿ ತೆಗೆದ. ಆಗ ಬೆಂಚಿನ ತುದಿಯಿಂದ ದೊಡ್ಡಮ್ಮ ಕೇಳಿದರು: "ತುಮಕೂರಿಗೆ ಅಂದ್ರೆ, ನಮ್ ಗೇಟ್ ಮುಂದ್ಲಿಂದ್ಲೇ ಹೋಗ್ತದಲ್ವೇನಪ್ಪ?"

ದೊಡ್ಡಪ್ಪ ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದವರು. ತಿಪಟೂರು ದಾಟಿ ಕರಡಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ತೋಟಗಳ ನಡುವೆ ಒಂದು ಗೇಟು, ಅದರ ಪಕ್ಕಕ್ಕೆ ಒಂದೇ ಕೋಣೆಯ ಮನೆ, ಮನೆಯ ಮುಂದೊಂದು ನುಗ್ಗೆಮರ. ದೊಡ್ಡಮ್ಮ ಮೂವತ್ತು ವರ್ಷ ಸಂಸಾರ ಮಾಡಿದ್ದು, ಮೂರು ಹೆಣ್ಣುಮಕ್ಕಳನ್ನು ಹೆತ್ತು ಸಾಕಿದ್ದು ಅಲ್ಲಿ. ಗಾಡಿ ಬಂದಾಗಲೆಲ್ಲ ಅಂಗಳದಲ್ಲಿ ನಿಂತು ಕೈ ಬೀಸುವುದು ಅವರಿಗೆ ಅಭ್ಯಾಸ. ಆದರೆ ಅವರ ತವರು ಬಾಣಾವರ. ರೈಲ್ವೆಯ ಬಿಟ್ಟಿ ಪಾಸು ಸಿಕ್ಕಿದಾಗಲೆಲ್ಲ ತಿಪಟೂರಿಗೆ ನಡೆದು ಬಂದು, ಅಲ್ಲಿಂದ ಅರಸೀಕೆರೆ ಕಡೆಯ ಗಾಡಿ ಹತ್ತುತ್ತಿದ್ದರೇ ಹೊರತು, ಈ ತುಮಕೂರಿನ ಕಡೆಗೆ, ತಮ್ಮದೇ ಗೇಟಿನ ಮುಂದೆ, ರೈಲಿನಲ್ಲಿ ಒಮ್ಮೆಯೂ ಹಾದುಹೋದವರಲ್ಲ. ದೊಡ್ಡಪ್ಪ ರಿಟೈರಾಗಿ ತಿಪಟೂರಿನಲ್ಲಿ ನೆಲೆಸಿದ ಮೇಲೆ ಅದಕ್ಕೆ ಕಾರಣವೂ ಬರಲಿಲ್ಲ.

"ಮೂವತ್ ವರ್ಸ ರೈಲಲ್ಲಿ ಕೂತೋರು ನನ್ನ ನೋಡ್ಕಂಡು ಹೋದ್ರು ಕಣಪ್ಪ" ಎಂದರು ದೊಡ್ಡಮ್ಮ. "ಅವ್ರಿಗೆ ನಾವು ಹೆಂಗ್ ಕಾಣ್ತಿದ್ವೋ! ಒಂದ್ಸಾರಿ ಅಲ್ಲಿ ಕೂತ್ಕಂಡು ನೋಡ್ಬೇಕು ಅಂತ ಆಸೆ. ಹೊಸ ಹಳಿ ಬಂದ್ರೆ ಆ ಗೇಟೂ ಇರಕಿಲ್ವಂತೆ, ಮನೇನೂ ಕೆಡವ್ತಾರಂತೆ."

ಇಷ್ಟು ಕೇಳಿದ ಮೇಲೆ ಸುಮ್ಮನಿರಲು ನಾನೇನು ಕಲ್ಲೇ? "ದೊಡ್ಡಮ್ಮ, ನಿಮಗೆ ಕಿಟಕಿ ಪಕ್ಕದ ಸೀಟು. ಅದು ನನ್ನ ಜವಾಬ್ದಾರಿ" ಎಂದೆ. ನನ್ನ ಜೀವನದಲ್ಲಿ ನಾನು ಕೆಡಿಸಿದ ಕೆಲಸಗಳೆಲ್ಲ ಈ ವಾಕ್ಯದಿಂದಲೇ ಶುರುವಾಗಿವೆ.

ಅರ್ಜಿ ಬರೆದೆವು, ಓಡಾಡಿದೆವು. ಒಂದು ಭಾನುವಾರ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಒಂದು ಬೋಗಿ ಸೇರಿಸಿ ತುಮಕೂರಿಗೆ, ಅದೇ ಬೋಗಿಯನ್ನು ಮಧ್ಯಾಹ್ನದ ಗಾಡಿಗೆ ಸೇರಿಸಿ ವಾಪಸ್ ತಿಪಟೂರಿಗೆ ಎಂದು ಒಪ್ಪಿಗೆಯೂ ಸಿಕ್ಕಿತು. ಆದರೆ ಬೋಗಿ ತುಂಬ ಜನ ಬೇಕಲ್ಲ! ರೈಲು ಪ್ರೇಮಿಗಳನ್ನು ಹುಡುಕಿಕೊಂಡು ನಾವು ಸೈಕಲ್ಲಿನಲ್ಲಿ ಹೊರಟೆವು. ಕಿಬ್ಬನಹಳ್ಳಿಯಲ್ಲಿ ರಂಗಣ್ಣನ ಪರಿಚಯದ ತೋಟದ ಯಜಮಾನರೊಬ್ಬರು ನನ್ನನ್ನು ಕೂರಿಸಿ, ಎಳನೀರು ಕೊಟ್ಟು, ವಿಷಯವನ್ನೆಲ್ಲ ಸಮಾಧಾನವಾಗಿ ಕೇಳಿದರು.

"ಅಲ್ಲ ಮೇಷ್ಟ್ರೇ, ತುಮಕೂರಿಗೆ ಹೋಗಿ ಏನ್ ಮಾಡ್ತೀರ?"

"ಏನೂ ಇಲ್ಲ. ಊಟ ಮಾಡಿ ವಾಪಸ್ ಬರೋದು."

"ವಾಪಸ್ ಬರಾಕೆ ಹೋಗಾದ್ಯಾಕೆ? ಇಲ್ಲೇ ಉಣ್ಣಿ."

ಕೊನೆಗೆ ನಿಜವಾದ ಉತ್ತರ ಹೇಳಿದೆ: ನಮ್ಮ ದೊಡ್ಡಮ್ಮ ತಮ್ಮ ಹಳೇ ಮನೆಯನ್ನು ರೈಲಿನಿಂದ ನೋಡಬೇಕಂತೆ, ಅದಕ್ಕೆ. ಯಜಮಾನರು ಎಳನೀರಿನ ಬುರುಡೆ ಕೆಳಗಿಟ್ಟು, "ಅಂಗಂತ ಮೊದ್ಲೇ ಹೇಳಬಾರ್ದಾ? ನಮ್ಮನೆಯಿಂದ ಆರು ಜನ ಬತ್ತೀವಿ, ಬರ್ಕೊಳ್ಳಿ" ಎಂದುಬಿಟ್ಟರು. ಅಲ್ಲಿಂದ ಮುಂದೆ ನಾವು ರೈಲಿನ ಮಾತನ್ನೇ ಎತ್ತಲಿಲ್ಲ. ದೊಡ್ಡಮ್ಮನ ಆಸೆಯನ್ನು ಹೇಳಿದೆವು, ಬೋಗಿ ತುಂಬಿತು. ದೊಡ್ಡಪ್ಪ ಮಾತ್ರ ಜಗ್ಗಲಿಲ್ಲ. "ಮೂವತ್ ವರ್ಸ ಅದ್ರ ಮುಂದೆ ನಿಂತಿದ್ದು ಸಾಲ್ದಾ? ಟಿಕೀಟ್ ತಗೊಂಡು ಬೇರೆ ನೋಡ್ಬೇಕಾ? ನೀವ್ ಹೋಗ್ರಲಾ" ಎಂದು ಜಗಲಿಯ ಮೇಲೆ ಮಗ್ಗುಲಾದರು.

ಸೀಟು ಹಂಚುವ ಕೆಲಸ ನನ್ನದು. ದೊಡ್ಡ ಹಾಳೆಯ ಮೇಲೆ ಬೋಗಿಯ ನಕ್ಷೆ ಬರೆದೆ. ಚಳಿಗಾಲ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬಿಸಿಲೆಲ್ಲ ಬಲಗಡೆಯ ಕಿಟಕಿಗಳಿಗೆ. ವಯಸ್ಸಾದವರಿಗೆ ಬಿಸಿಲು ತಾಕಬಾರದು ಎಂದು ದೊಡ್ಡಮ್ಮನಿಗೆ ಎಡಗಡೆಯ ಕಿಟಕಿ ಕೊಟ್ಟೆ. ಗೇಟಿನ ಮನೆ ಇರುವುದು ಬಲಗಡೆಗೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಹೋಗುವಾಗ ಬಲಗಡೆಗಿದ್ದದ್ದು ಬರುವಾಗ ಎಡಗಡೆಗೆ ಬರಲೇಬೇಕಲ್ಲ? ಹೋಗುವಾಗ ನೆರಳು, ಬರುವಾಗ ಗೇಟು, ಎರಡೂ ದೊಡ್ಡಮ್ಮನ ಪಾಲಿಗೆ ಎಂದು ಲೆಕ್ಕ ಹಾಕಿ, ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಭಾನುವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ನೋಡಿದರೆ ಬಂದವರ ಕೈಯಲ್ಲೆಲ್ಲ ಒಂದೊಂದು ತೆಂಗಿನಕಾಯಿ. ನಮ್ಮ ಕಡೆ ಹೊಸ ಸೈಕಲ್ ತಂದರೂ ಕಾಯಿ ಒಡೆಯುತ್ತಾರೆ. ಇನ್ನು ಹಳೇ ರೈಲು ಕಡೆಯ ಸಾರಿ ಹೋಗುವಾಗ ಬಿಡುತ್ತಾರೆಯೇ? ಯಾರೂ ಯಾರಿಗೂ ಹೇಳಿರಲಿಲ್ಲ, ಎಲ್ಲರೂ ತಂದಿದ್ದರು. ಎಂಜಿನ್ನಿನ ಮುಂದೆ ಕಾಯಿ ಒಡೆಯಲು ಸಾಲು ನಿಂತಿತು. ಡ್ರೈವರ್ ಮೊದಲು ನಕ್ಕ, ಆಮೇಲೆ ಗಡಿಯಾರ ನೋಡಿದ, ಕೊನೆಗೆ, "ಮಿಕ್ಕಿದ್ದನ್ನ ತುಮಕೂರಲ್ಲಿ ಒಡೀರಿ, ಇಳಿದು ನಾನೇ ಒಡೆದುಕೊಡ್ತೀನಿ" ಎಂದು ಕೈಮುಗಿದ. ದೊಡ್ಡಮ್ಮ ಹಸಿರು ಸೀರೆ ಉಟ್ಟು, ತಲೆಗೆ ಸೇವಂತಿಗೆ ಮುಡಿದು, ಬೀಗರ ಮನೆಗೆ ಹೊರಟವರಂತೆ ಬಂದಿದ್ದರು. ಕೂತವರೇ, "ಗೇಟು ಈ ಕಡೆಗೇ ಬತ್ತದಾ ಮಗ?" ಎಂದರು. "ಹೋಗುವಾಗ ಆ ಕಡೆ, ಬರುವಾಗ ಈ ಕಡೆ. ನೀವು ಆರಾಮಾಗಿ ಕೂತ್ಕೊಳ್ಳಿ" ಎಂದೆ.

ಗಾಡಿ ಹೊರಟು ಹತ್ತು ನಿಮಿಷವೂ ಆಗಿರಲಿಲ್ಲ. ಬಲಗಡೆಯಿಂದ ಯಾರೋ, "ಗೇಟ್ ಬಂತು, ದೊಡ್ಡಮ್ಮನ್ ಗೇಟ್ ಬಂತು!" ಎಂದು ಕೂಗಿದರು. ಇಡೀ ಬೋಗಿ ಎದ್ದು ನಿಂತಿತು. "ಅಮ್ಮಂಗೆ ಜಾಗ ಬುಡ್ರಿ!" ಎಂದು ಒಬ್ಬರು, "ಬುಡ್ರಪ್ಪ ಜಾಗಾನ!" ಎಂದು ಇನ್ನೊಬ್ಬರು. ಹೀಗೆ ಜಾಗ ಬಿಡಿಸುವುದಕ್ಕೆಂದೇ ಎಲ್ಲರೂ ಬಲಗಡೆಯ ಕಿಟಕಿಗಳಿಗೆ ಮುಗಿಬಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಿಕೊಂಡು ಒಂದಿಡೀ ಕಿಟಕಿಗೆ ಅಡ್ಡಲಾಗಿ ನಿಂತಿದ್ದವನು ನಾನು. ಗದ್ದಲ ಇಳಿದು ತಿರುಗಿ ನೋಡಿದಾಗ ದೊಡ್ಡಮ್ಮ ನಡುದಾರಿಯಲ್ಲಿ, ನಮ್ಮೆಲ್ಲರ ಬೆನ್ನುಗಳ ಹಿಂದೆ, ತುದಿಗಾಲಿನಲ್ಲಿ ನಿಂತಿದ್ದರು. "ಕಂಡಿತಾ ದೊಡ್ಡಮ್ಮ?" ಎಂದೆ. "ನುಗ್ಗೆಮರದ ತುದಿ ಕಂಡಂಗಾಯ್ತು" ಎಂದರು.

ತುಮಕೂರಿನಲ್ಲಿ ಪುಳಿಯೋಗರೆ, ಮೊಸರನ್ನ ತಿಂದು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಾಗ, ಬರುವಾಗ ಎಲ್ಲ ಸರಿಹೋಗುತ್ತದೆ ಎಂದು ನನ್ನ ನಕ್ಷೆಯನ್ನು ಶಿವಣ್ಣನಿಗೆ ತೋರಿಸಿದೆ. ಅವನು ಅದನ್ನು ನೋಡಿ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಬೆಂಚಿನ ಮೇಲಿಟ್ಟ. "ಇದು ನಮ್ ಬೋಗಿ. ಈ ಮಗ್ಗುಲಲ್ಲಿ ಅಮ್ಮ ಕೂತವ್ರೆ, ಆ ಮಗ್ಗುಲಲ್ಲಿ ಗೇಟು. ಈ ಕಡೆಗೆ ಬಂತು." ಪೊಟ್ಟಣವನ್ನು ತಳ್ಳಿದ. "ಈಗ ಎಂಜಿನ್ನು ಈ ತುದಿಯಿಂದ ಆ ತುದಿಗೆ ಹೋಗ್ತದೆ. ಬೋಗಿ ತಿರುಗ್ತದಾ?" ಪೊಟ್ಟಣವನ್ನು ಹಾಗೇ ಹಿಂದಕ್ಕೆ ಎಳೆದ. "ಹೇಳಿ ಮೇಷ್ಟ್ರೇ, ಅಮ್ಮ ಯಾವ ಕಡೆಗವ್ರೆ, ಗೇಟ್ ಯಾವ ಕಡೆಗೈತೆ?"

ನಾನು ಪೊಟ್ಟಣವನ್ನು ಎರಡು ಸಾರಿ ಎಳೆದು ನೋಡಿದೆ. ಬೋಗಿ ತಿರುಗಲಿಲ್ಲ, ಗೇಟು ಎರಡು ಸಾರಿಯೂ ದೊಡ್ಡಮ್ಮನ ಎದುರು ಮಗ್ಗುಲಿಗೇ ಬಂತು. ಇಪ್ಪತ್ತು ವರ್ಷದಿಂದ ರೈಲು ನೋಡುತ್ತಿದ್ದವನು, ಅಷ್ಟೇ ವರ್ಷದಿಂದ ಮಕ್ಕಳಿಗೆ ದಿಕ್ಕು ಕಲಿಸುತ್ತಿದ್ದವನು, ಅಕ್ಕಪಕ್ಕ ಯಾರಾದರೂ ನನ್ನ ವಿದ್ಯಾರ್ಥಿಗಳಿದ್ದಾರೆಯೇ ಎಂದು ಸುತ್ತಲೂ ನೋಡಿಕೊಂಡೆ.

ಬರುವಾಗ ದೊಡ್ಡಮ್ಮನನ್ನು ಗೇಟಿನ ಕಡೆಯ ಕಿಟಕಿಗೇ ಕೂರಿಸಿದೆ. ಬಿಸಿಲಿಗೆ ಸರೋಜ ತನ್ನ ಸೆರಗನ್ನೇ ಮರೆ ಹಿಡಿದಳು. ಬೋಗಿಯ ನಡುವೆ ನಿಂತು, ಸ್ಕೂಲಿನಲ್ಲಿ ಉಪಯೋಗಿಸುವ ಧ್ವನಿಯಲ್ಲಿ, "ಗೇಟು ಬಂದಾಗ ಯಾರೂ ಏಳಬಾರದು, ಯಾರೂ ಕೂಗಬಾರದು, ಅವರು ಒಬ್ಬರೇ ಸಮಾಧಾನವಾಗಿ ನೋಡಲಿ" ಎಂದು ಆಜ್ಞೆ ಮಾಡಿದೆ. ಬೆಳಗಿನ ತಪ್ಪು ಎಲ್ಲರ ಮನಸ್ಸಿನಲ್ಲೂ ಇತ್ತು. ಕರಡಿ ದಾಟಿದ ಮೇಲೆ ಒಂದು ಕೆಮ್ಮೂ ಕೇಳಿಸಲಿಲ್ಲ. ತೋಟಗಳು ಬಂದವು, ನುಗ್ಗೆಮರ ಬಂತು. ನಾನು ದೊಡ್ಡಮ್ಮನ ಕಡೆ ನೋಡಿದೆ. ತಲೆ ಕಿಟಕಿಗೆ ಒರಗಿತ್ತು, ಕೈಗಳೆರಡೂ ಮಡಿಲಲ್ಲಿ ಸೇರಿಕೊಂಡಿದ್ದವು, ಕಣ್ಣು ಮುಚ್ಚಿತ್ತು. ನಿದ್ದೆಯೋ? ಇಲ್ಲಾ, ಮೂವತ್ತು ವರ್ಷದ ಸಂಸಾರ ಒಮ್ಮೆಲೇ ನೆನಪಾಗಿ ಕಣ್ಣು ಮುಚ್ಚಿಕೊಂಡಿದ್ದಾರೋ? ಸರೋಜ ಅವರ ಭುಜ ಮುಟ್ಟಲು ಕೈ ಎತ್ತಿದಳು. ನಾನು ಬೆರಳು ತುಟಿಗಿಟ್ಟು ಬೇಡ ಎಂದೆ. ಇಂಥ ಹೊತ್ತಿನಲ್ಲಿ ಮನುಷ್ಯರನ್ನು ಅವರಷ್ಟಕ್ಕೆ ಬಿಡಬೇಕು ಎಂಬುದು ನನ್ನ ಸೂಕ್ಷ್ಮಬುದ್ಧಿ. ಬೋಗಿಯ ಜನರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆ ಗೇಟು ಬಂತು, ಮನೆ ಬಂತು, ಎರಡೂ ಹಿಂದಕ್ಕೆ ಹೋದವು. ಅದರ ಮರುಗಳಿಗೆ ದೊಡ್ಡಮ್ಮ ಸಣ್ಣಗೆ ಗೊರಕೆ ಹೊಡೆದರು.

ತಿಪಟೂರಿನಲ್ಲಿ ಗಾಡಿ ನಿಂತ ಕುಲುಕಿಗೆ ಅವರಿಗೆ ಎಚ್ಚರವಾಯಿತು. "ಗೇಟ್ ಬಂತಾ ಮಗ?" ಎಂದರು. ಕಿಬ್ಬನಹಳ್ಳಿಯ ಯಜಮಾನರು ತಮ್ಮ ಚಪ್ಪಲಿ ಹುಡುಕತೊಡಗಿದರು. ರಂಗಣ್ಣ ಆಚೆ ನೋಡಿದ. ಸರೋಜನೇ, "ಬಂದು ಹೋಯ್ತು ದೊಡ್ಡಮ್ಮ. ನೀವು ನಿದ್ದೆ ಮಾಡ್ತಿದ್ರಿ. ಎಬ್ಬಿಸಬೇಡ ಅಂದ್ರು ಇವ್ರು" ಎಂದಳು.

ದೊಡ್ಡಮ್ಮ ನನ್ನ ಕೆನ್ನೆ ಸವರಿ, "ಹೋಗ್ಲಿ ಬುಡು ಮಗ. ಆ ಮನೇಲಿದ್ದಾಗ ಗಾಡಿ ಬತ್ತದೆ ಅಂದ್ರೆ ಒಂದಿನಾನೂ ನೆಟ್ಟಗೆ ನಿದ್ದೆ ಇರ್ನಿಲ್ಲ. ಇವತ್ತು ಅದೇ ಗಾಡಿ ತೂಗಿ ತೂಗಿ ಮಲಗಿಸ್ತು" ಎಂದು ಇಳಿದರು. ಮನೆಯವರೆಗೂ ತಮ್ಮ ಅಲಾರಂ ಗಡಿಯಾರದ ಮಾತನ್ನೇ ಆಡಿದರು. ಆ ರಾತ್ರಿ ಸರೋಜ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಒಳಗೆ ಹೋದಳು.

ಎರಡು ವಾರದ ಮೇಲೆ, ಹಳಿ ಕೀಳುವುದಕ್ಕೆ ಇನ್ನೂ ಸ್ವಲ್ಪ ದಿನವಿದೆ ಎಂದು ತಿಳಿದು, ನಾನು ಎರಡನೇ ಸ್ಪೆಷಲ್ ಬೋಗಿಗೆ ಅರ್ಜಿ ಬರೆದುಕೊಂಡು, ಹೊಸ ನಕ್ಷೆಯನ್ನೂ ಮಡಿಸಿ ಜೇಬಿನಲ್ಲಿಟ್ಟುಕೊಂಡು ದೊಡ್ಡಮ್ಮನ ಮನೆಗೆ ಹೋದೆ. ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಆಗತಾನೆ ಎಲ್ಲಿಂದಲೋ ಬಂದು ಕಾಲು ತೊಳೆಯುತ್ತಿದ್ದರು. ದೊಡ್ಡಮ್ಮನ ತಲೆಯಲ್ಲಿ ಸೇವಂತಿಗೆ ಇತ್ತು.

"ಕರಡಿಗೆ ಹೋಗಿದ್ವಿ ಕಣಪ್ಪ, ಬೆಳಗಿನ ಗಾಡೀಲಿ" ಎಂದರು ದೊಡ್ಡಮ್ಮ. "ಎಷ್ಟು ಚಿಕ್ಕದಾಗಿ ಕಾಣ್ತದೆ ಅಂತೀಯ ಆ ಮನೆ! ಅದ್ರೊಳಗೆ ನಾವು ಐದು ಜನ ಹೆಂಗಿದ್ವೋ! ಈಗಿರೋ ಗೇಟ್‌ಮನ್ ಹೆಂಡ್ತಿ ಅಂಗಳದಾಗೆ ರಾಗಿ ಕೇರ್ತಾ ನಿಂತಿದ್ಲು. ನಾನು ಕೈ ಬೀಸ್ದೆ. ಮೊರ ಕೆಳಗಿಟ್ಟು ಅವಳೂ ಬೀಸಿದ್ಲು."

"ನನಗೊಂದು ಮಾತು ಹೇಳಬಾರದಿತ್ತೇ ದೊಡ್ಡಮ್ಮ?"

ಅದಕ್ಕೆ ಉತ್ತರ ಕೊಟ್ಟವರು ದೊಡ್ಡಪ್ಪ. "ಹೇಳಿದ್ರೆ ನೀನು ಏರ್ಪಾಡು ಮಾಡ್ತಿದ್ದೆ ಕಣ್ಲಾ."

ನಾನು ಜೇಬಿನಲ್ಲಿದ್ದ ಕಾಗದಗಳನ್ನು ಇನ್ನಷ್ಟು ಕೆಳಕ್ಕೆ ಒತ್ತಿದೆ. ತಡೆಯಲಾರದೆ, ಯಾವ ಕಡೆಯ ಕಿಟಕಿಗೆ ಕೂತಿದ್ದಿರಿ ಎಂದಷ್ಟೇ ಕೇಳಿದೆ.

"ಕೂರಾಕೆ ಜಾಗ ಎಲ್ಲಿತ್ತು?" ಎಂದರು ದೊಡ್ಡಮ್ಮ. "ನಿಮ್ ದೊಡ್ಡಪ್ಪ ತೋಳು ಹಿಡ್ಕಂಡಿದ್ರು. ಬಾಗಿಲಲ್ಲಿ ನಿಂತ್ಕಂಡಿದ್ವಿ."