ಚೂಟಿ ಒರೆಸಿದ ಹಲಗೆಗಳು

ಬಡಗಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ಎರಡು ದಿನದ ಕೆಲಸ ಮಾಯವಾಗಿತ್ತು.

ಮುಂದಿನ ಕೋಣೆಯ ಗೋಡೆಗೆ ಒರಗಿಸಿಟ್ಟಿದ್ದ ಹನ್ನೊಂದು ಬಿಳಿ ಮೈಕಾ ಹಲಗೆಗಳು ಆಗಷ್ಟೇ ಹಲ್ಲುಜ್ಜಿದವರ ಹಾಗೆ ಫಳಫಳ ನಗುತ್ತಿದ್ದವು. ಎಲ್ಲಿ ಕತ್ತರಿಸಬೇಕು, ಎಲ್ಲಿ ತೂತು ಕೊರೆಯಬೇಕು ಎಂದು ಅವನು ಪೆನ್ಸಿಲ್ಲಿನಲ್ಲಿ ಎಳೆದಿದ್ದ ಒಂದೇ ಒಂದು ಗೆರೆಯೂ ಉಳಿದಿರಲಿಲ್ಲ. ಪಕ್ಕದಲ್ಲಿ ಐದು ವರ್ಷದ ಮಗಳು ಚೂಟಿ. ಕೈಯಲ್ಲಿ ಒದ್ದೆ ಬಟ್ಟೆ, ಮೂಗಿನ ತುದಿಯಲ್ಲಿ ಸೋಪಿನ ನೊರೆ.

"ಅಪ್ಪಾ, ಯಾರೋ ಗೀಚಿ ಗೀಚಿ ಇಟ್ಬಿಟ್ಟಿದ್ರು. ಎಲ್ಲಾ ಒರೆಸ್ದೆ!"

ಬಡಗಿಗೆ ಕೋಪ ನೆತ್ತಿಗೇರಿತು. ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಹಾರಿ ಬಂದಳು.

"ಬೈದ್ರೆ ನೋಡಿ ಮತ್ತೆ! ಒಂದು ತಿಂಗಳಿಂದ ಪುಸಲಾಯಿಸಿ ಮನೆಕೆಲಸ ಕಲಿಸ್ತಿದೀನಿ. ಇವತ್ತೇ ಮೊದಲು ತಾನಾಗೇ ಬಟ್ಟೆ ಹಿಡಿದಿರೋದು. ಈಗ ಬೈದ್ರೆ ಜನ್ಮದಲ್ಲಿ ಒಂದು ಕಡ್ಡಿ ಎತ್ತಿಡಲ್ಲ. ಶಭಾಷ್ ಅನ್ನಿ."

"ಶಭಾಷಾ? ನಾಲ್ಕು ಗಂಟೆಗೆ ಹಲ್ಲಿನ ಡಾಕ್ಟ್ರಮ್ಮ ಬರ್ತಾರೆ ಕಣೇ! ಈ ಕಪಾಟಿನ ಹಲಗೆ ಕತ್ತರಿಸಿ ಇಟ್ಟಿಲ್ಲ ಅಂದ್ರೆ ಅವರ ಹೊಸ ಕ್ಲಿನಿಕ್ಕಿನ ಮರಗೆಲಸ ಪೂರ್ತಿ ಬೇರೆಯವನ ಪಾಲು!"

"ಮಗು ಮುಖ ನೋಡ್ರೀ."

ನೋಡಿದ. "ಶ... ಭಾಷ್" ಎಂದ. ಮುಖ ಸ್ಕ್ರೂ ನುಂಗಿದವನ ಹಾಗಿತ್ತು.

ಚೂಟಿಗೆ ರೆಕ್ಕೆ ಬಂತು. ಅವನು ಅಂಗಿ ತೊಡುವುದರೊಳಗೆ ಮೂರು ಅಳತೆಯ ಸ್ಕ್ರೂಗಳನ್ನೂ ಒಂದೇ ಡಬ್ಬಿಗೆ ಸುರಿದು, "ಎರಡು ಡಬ್ಬಿ ಮಿಕ್ತು ಅಪ್ಪಾ!" ಅಂದಳು.

"ಶಭಾಷ್!" ಎಂದು ಅವನು ಗುಡುಗಿದ ಆರ್ಭಟಕ್ಕೆ ಬೀದಿಯ ನಾಯಿ ಎದ್ದು ಓಡಿತು. ಸಿಟ್ಟಿಗೆ ಸ್ಟೂಲು ಒದ್ದ. ಸ್ಟೂಲಿಗೆ ಏನೂ ಆಗಲಿಲ್ಲ, ಹೆಬ್ಬೆರಳು ಊದಿತು.

ಗಲಾಟೆ ಕೇಳಿ ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಬಂದರು. ಹಿಂದೆಯೇ ಪಕ್ಕದ ಮನೆಯ ಟೈಲರ್ ಅಕ್ಕ, ಕೊರಳಲ್ಲಿ ಟೇಪು.

"ಅಳುಮುಖ ಯಾಕಯ್ಯಾ? ನಾನಿಲ್ವಾ! ಹಲಗೆ ಒಂದು, ಮುಂದೆ ಬಾ!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು.

"ಅಂಚಿಗೆ ಒಂದಿಂಚು ಜಾಸ್ತಿ ಬಿಡಪ್ಪ, ಆಮೇಲೆ ಮಡಚ್ಕೋಬಹುದು" ಎಂದಳು ಅಕ್ಕ.

"ಅಕ್ಕಾ, ಇದು ಹಲಗೆ! ಹೆಂಗೆ ಮಡಚ್ಲಿ, ನಿಮ್ಮ ತಲೆ!"

"ನನ್ ತಲೆ ವಿಷಯ ಯಾಕೆ? ಒಳ್ಳೇದು ಹೇಳಿದ್ರೂ ತಪ್ಪಾ?"

ಆಗ ಫೋನ್ ಬಡಿದುಕೊಂಡಿತು. ಡಾಕ್ಟರಮ್ಮ! ಬಡಗಿ ಎತ್ತಲು ಕೈ ಚಾಚಿದ.

"ಎತ್ತಬೇಡ!" ಮೇಷ್ಟ್ರು ಅಬ್ಬರಿಸಿದರು. "ಆಯ್ತಾ ಅಂತ ಕೇಳ್ತಾರೆ, ನೀನು ತೊದಲ್ತೀಯ. ಬಂದ್ ಮಾಡಿಡು. ಕೆಲಸ ಮುಗಿಸಿ ಎದೆ ಉಬ್ಬಿಸಿ ನಿಲ್ಲು!"

ಬಂದ್ ಮಾಡಿಟ್ಟ. ಊಟವಿಲ್ಲ, ನೀರಿಲ್ಲ. ಎರಡು ದಿನದ ಗೆರೆಗಳನ್ನು ಮೂರು ಗಂಟೆಯಲ್ಲಿ ಎಳೆದು, ಹಲಗೆಗಳೇ ತನ್ನ ಹಗೆಗಳೇನೋ ಎಂಬಂತೆ ಗರಗಸ ಆಡಿಸಿದ. ಮೂರೂವರೆಗೆ ಕೊನೆಯದೂ ಎರಡು ತುಂಡಾಗಿ ಬಿತ್ತು.

ಹೊಟ್ಟು ಕೊಡವಿಕೊಂಡು ಬಾಗಿಲಿಗೆ ಬಂದರೆ, ಡಾಕ್ಟರಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು.

"ಏನ್ರೀ ನೀವು! ಬೆಳಿಗ್ಗೆಯಿಂದ ಫೋನ್ ಮಾಡ್ತಿದೀನಿ. ನಾನೇ ಅಳತೆ ತಪ್ಪು ಕೊಟ್ಬಿಟ್ಟಿದ್ದೆ ಕಣ್ರೀ. ಕಪಾಟು ಅರ್ಧ ಅಡಿ ಜಾಸ್ತಿ ಅಗಲ ಬೇಕು. ಹಲಗೆ ಇನ್ನೂ ಕತ್ತರಿಸಿಲ್ಲ ತಾನೆ? ನಾಳಿದ್ದು ಕ್ಲಿನಿಕ್ ತೆರೀಬೇಕು, ಹೊಸ ಹಲಗೆ ತರಿಸ್ಕೊಂಡು ಕೂರೋಕೆ ಟೈಮಿಲ್ಲ. ಕತ್ತರಿಸಿದ್ರೆ ಹೇಳ್ಬಿಡಿ, ಹಲಗೆ ರೆಡಿ ಇಟ್ಕೊಂಡಿರೋ ಇನ್ನೊಬ್ಬರು ಇದ್ದಾರೆ."

ಬಡಗಿ ಒಳಗೆ ಬಿದ್ದಿದ್ದ ತುಂಡುಗಳತ್ತ ತಿರುಗಿ ನೋಡಿದ. ಮಗಳು ಒರೆಸದೇ ಇದ್ದಿದ್ದರೆ ಆ ಫೋನ್ ಬರುವ ಮೊದಲೇ ಗರಗಸ ಹಚ್ಚಿರುತ್ತಿದ್ದ. ಅವಳು ಒರೆಸಿ ಹಲಗೆ ಉಳಿಸಿಕೊಟ್ಟಿದ್ದಳು. ತಾನೇ ಹಲ್ಲು ಕಚ್ಚಿಕೊಂಡು ಕತ್ತರಿಸಿದ್ದ. 'ಇನ್ನೂ ಇಲ್ಲ ಮೇಡಂ' ಎಂಬ ಒಂದು ಸುಳ್ಳು ಹೊಳೆಯಿತು, ನಾಲಿಗೆಯ ತುದಿಗೂ ಬಂತು.

ಅಷ್ಟರಲ್ಲಿ ಮೇಷ್ಟ್ರು ಎದೆ ಸೆಟೆಸಿ ಮುಂದೆ ಬಂದರು. "ಯಾಕೆ ಕತ್ತರಿಸಿಲ್ಲ ಮೇಡಂ? ಹನ್ನೊಂದೂ ಮುಗೀತು! ನಾವೇ ಪಕ್ಕದಲ್ಲಿ ನಿಂತು ಮಾಡಿಸಿದ್ವಿ!"

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು, ಅಲ್ಲೇ ನಿಂತು ಇನ್ನೊಬ್ಬ ಬಡಗಿಗೆ ಫೋನ್ ಹಚ್ಚಿದರು.

ಅವನು ಮೊದಲನೇ ರಿಂಗಿಗೇ ಎತ್ತಿದ.