ಮನೇಲೇ ಇರ್ತೀಯಲ್ಲಮ್ಮ

ಮನೆಯಲ್ಲಿ ಕೂತು ಆಫೀಸ್ ಕೆಲಸ ಮಾಡುವವರಿಗೆ ಬೇರೆ ಮನರಂಜನೆ ಬೇಕಾಗಿಲ್ಲ, ಬಾಗಿಲು ತೆಗೆದಿಟ್ಟರೆ ಸಾಕು. ನನ್ನದು ಇನ್ಶೂರೆನ್ಸ್ ಅರ್ಜಿಗಳನ್ನು ಪರಿಶೀಲಿಸುವ ಕೆಲಸ. ಮಗಳು ಹುಟ್ಟಿದಾಗ ಬಿಟ್ಟಿದ್ದ ನೌಕರಿ ಏಳು ವರ್ಷದ ಮೇಲೆ ಮತ್ತೆ ಸಿಕ್ಕಿತ್ತು, ಒಂದು ಷರತ್ತಿನೊಂದಿಗೆ. ಮೂರು ತಿಂಗಳು ಮನೆಯಿಂದ ಮಾಡಿ ತೋರಿಸಬೇಕು, ಫೈಲುಗಳು ಹಿಂದೆ ಬಿದ್ದರೆ ದಿನಾ ಆಫೀಸಿಗೆ ಹೋಗಬೇಕು. ಆಫೀಸು ಊರಿನ ಆ ತುದಿಯ ವೈಟ್‌ಫೀಲ್ಡಿನಲ್ಲಿ, ಮನೆ ಈ ತುದಿಯ ಸುಬ್ರಹ್ಮಣ್ಯಪುರದಲ್ಲಿ, ಮಗಳು ಸ್ಕೂಲಿನಿಂದ ಬರುವುದು ಮೂರೂವರೆಗೆ. ದಿನಾ ಬನ್ನಿ ಅಂದರೆ ಕೆಲಸ ಬಿಡುವುದೊಂದೇ ದಾರಿ. ಇನ್ನೊಂದು ಸಲ ಬಿಡಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಸಂಪು, ಸಿಲಿಂಡರು, ಪಾರ್ಸೆಲ್ಲು

ಕೆಳಗಿನ ಮನೆಯ ಓನರ್ ಆಂಟಿಯವರದು ಇದೇ ಊರಿನ ಹಳೇ ಮನೆತನ. ಹೊಲವೆಲ್ಲ ಸೈಟಾದರೂ ಹಿತ್ತಲಲ್ಲಿ ಒಂದು ಹಸು ಉಳಿಸಿಕೊಂಡಿದ್ದಾರೆ. ಮೊದಲ ವಾರವೇ ಮೇಲೆ ಬಂದರು.

"ಮನೇಲೇ ಇರ್ತೀಯಲ್ಲಮ್ಮ, ಮಂಗಳವಾರ, ಶುಕ್ರವಾರ ಬೆಳಿಗ್ಗೆ ಐದೂವರೆಗೆ ಕಾವೇರಿ ನೀರು ಬರುತ್ತೆ. ಆ ಹೊತ್ತಿಗೆ ನಾನು ಹಾಲು ಕರೀತಿರ್ತೀನಿ. ಕೆಳಗಿನ ಸಂಪು ತುಂಬಿದ್ಮೇಲೆ ಮೇಲಿನ ಟ್ಯಾಂಕಿಗೆ ಸ್ವಲ್ಪ ಮೋಟರ್ ಹಾಕು."

ಒಪ್ಪಿದೆ. ಮೇಲಿನ ಮನೆಯವರು ತಮ್ಮ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳಲು ಹೇಳಿದರು. ಎದುರು ಮನೆಯವರು ಬೀಗದ ಕೈ ಕೊಟ್ಟರು. ತಿಂಗಳಾಗುವಷ್ಟರಲ್ಲಿ ನಮ್ಮ ನಡುಮನೆಯಲ್ಲಿ ಫೈಲಿಗಿಂತ ಪಾರ್ಸೆಲ್ ಹೆಚ್ಚಾಗಿ, ನನ್ನ ಕೆಲಸ ನಿಜವಾಗಿಯೂ ಹಿಂದೆ ಬಿತ್ತು. ಒಂದು ದಿನ ಪಾರ್ಸೆಲ್ ತಂದವನು ಗುರುತೇ ಇಲ್ಲದ ಡಬ್ಬಿಯೊಂದನ್ನು ಕೈಗಿಟ್ಟ.

"ಇದು ಯಾರದಣ್ಣ?"

"ಹಿಂದಿನ ರೋಡಿನವರದು ಮೇಡಂ. ಅವರಿಗೆ ನೀವು ಯಾರು ಅಂತ ಗೊತ್ತಿಲ್ವಂತೆ, ಮನೇಲೇ ಇರ್ತೀರ ಅನ್ನೋದು ಮಾತ್ರ ಗೊತ್ತಂತೆ."

ಹೊರಟಿದ್ದೂ ಬಂದಿದ್ದೂ

ಮನೆಯಿಂದ ಕೆಲಸ ಮಾಡುವವರು ಆಫೀಸಿಗೆ ಹೊರಟಂತೆ ಹೊರಟರೆ ಕೆಲಸ ಚೆನ್ನಾಗಿ ಸಾಗುತ್ತದೆ ಅಂತ ಎಲ್ಲೋ ಓದಿದೆ. ಮಾರನೇ ದಿನದಿಂದಲೇ ಕಾಟನ್ ಸೀರೆ, ಕೊರಳಲ್ಲಿ ಐಡಿ ಕಾರ್ಡು, ಬ್ಯಾಗು, ಟಿಫಿನ್ ಡಬ್ಬಿ. ಗೇಟು ದಾಟಿ ಪಾರ್ಕ್ ಸುತ್ತಿ, ವಾಪಸ್ ಬಂದು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಫೈಲುಗಳೂ ಸಾಗತೊಡಗಿದವು.

ಮೊದಲ ದಿನ ಆಂಟಿ, "ಏನು ಮರೆತೆ?" ಅಂದರು. ಎರಡನೇ ದಿನ ಸುಮ್ಮನೆ ನೋಡಿದರು. ನಾಲ್ಕನೇ ದಿನ ಕಾಫಿ ತಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು.

"ಕೆಲಸದಿಂದ ತೆಗೆದ್ರೇನಮ್ಮ? ಗಂಡನಿಗೆ ಹೇಳೋಕೆ ಭಯಾನಾ?"

ನಾನು ನಕ್ಕು ಎಲ್ಲ ವಿವರಿಸಿದೆ. ಅವರು ತಲೆಯಾಡಿಸಿ ಹೋದರು. ನನ್ನ ಮಾತಿನ ಒಂದಕ್ಷರವನ್ನೂ ನಂಬಿರಲಿಲ್ಲ. ಸಂಜೆ ನನ್ನವರು ಅರ್ಧ ಕೆಜಿ ಜಾಮೂನು, ಎರಡು ಮೊಳ ಮಲ್ಲಿಗೆ ಹಿಡಿದು ಮೇಲೆ ಬಂದು ಮೆಲ್ಲಗೆ ಹೇಳಿದರು. "ಆಂಟಿ ಎಲ್ಲ ಹೇಳಿದ್ರು. ತಲೆ ಕೆಡಿಸ್ಕೋಬೇಡ, ಬೇರೆ ಕೆಲಸ ಸಿಗುತ್ತೆ."

ಜಾಮೂನು ತಿಂದು ಮುಗಿಸಿದ ಮೇಲೆ ನಿಜ ಹೇಳಿದೆ.

ಕುಕ್ಕರ್

ಟೀಮ್ ಮೀಟಿಂಗಿನಲ್ಲಿ ನನ್ನ ಸರದಿ ಬಂತು. ಮಾತು ಶುರುಮಾಡಿದೆ, ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಮ್ಯಾನೇಜರ್ ಗಂಭೀರ ಮನುಷ್ಯ, ನಗುವುದನ್ನು ಯಾರೂ ನೋಡಿರಲಿಲ್ಲ. ಮತ್ತೆರಡು ಸಲ ಕೂಗಿತು. ನನ್ನ ನೌಕರಿ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ಮೂರಾಯ್ತು. ಬೇಳೇನಾ, ಕಾಳಾ?" ಅಂದರು.

"ಕಾಳು ಸಾರ್."

"ನೆನೆಸಿದ್ರಾ?"

"ಮರೆತೆ ಸಾರ್."

"ಹಾಗಾದ್ರೆ ಇನ್ನು ನಾಲ್ಕು ಬರ್ಲಿ. ಅಲ್ಲೀವರೆಗೂ ರಿಪೋರ್ಟ್ ಓದಿ."

ಮೂರನೇ ತಿಂಗಳ ಕೊನೆ

ತೀರ್ಮಾನದ ದಿನ ವಿಡಿಯೋದಲ್ಲಿ ಮ್ಯಾನೇಜರ್ ಎದುರು ಕೂತೆ. ಅವರು ಪಟ್ಟಿ ನೋಡುತ್ತ ಕೇಳಿದರು.

"ಮೊದಲ ತಿಂಗಳು ಹಿಂದೆ ಬಿದ್ದಿದ್ರಿ. ಆಮೇಲೆ ಎಲ್ಲರಿಗಿಂತ ಮುಂದೆ. ಅದರಲ್ಲೂ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಆರಕ್ಕೇ ಲಾಗಿನ್ ಆಗಿ ರಾಶಿ ಫೈಲು ಮುಗಿಸಿದೀರಿ. ಏನಿದೆ ಆ ದಿನ?"

ಸಂಪು ತುಂಬುವವರೆಗೆ ನಿದ್ದೆ ಬಾರದಿರಲಿ ಅಂತ ಫೈಲು ಮಾಡುತ್ತಿದ್ದೆ ಅನ್ನುವುದು ಹೇಗೆ? ಅಷ್ಟರಲ್ಲಿ ಹಿಂದಿನಿಂದ ಉತ್ತರ ಬಂತು.

"ಕಾವೇರಿ ನೀರು ಬರುತ್ತೆ ಸಾರ್." ಹಾಲು ಕೊಡಲು ಬಂದಿದ್ದ ಆಂಟಿ ಪಾತ್ರೆ ಸಮೇತ ಕ್ಯಾಮೆರಾ ಮುಂದೆ ನಿಂತಿದ್ದರು. "ಹೊಲಕ್ಕೆ ನೀರು ಕಟ್ಟೋ ಕಾಲದಲ್ಲಿ ನಾನೂ ಇಷ್ಟು ನಿಯತ್ತಾಗಿ ಎದ್ದಿಲ್ಲ. ಇವಳನ್ನ ಕೆಲಸದಿಂದ ತೆಗೀಬೇಡಿ ಸಾರ್."

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು. "ತೆಗೆಯಲ್ಲಮ್ಮ. ವಾರಕ್ಕೆ ಎರಡು ದಿನ ಆಫೀಸಿಗೆ ಬರ್ಲಿ, ಸಾಕು."

ಮಗಳ ವಿಷಯ ಹೇಳಲು ನಾನು ಬಾಯಿ ತೆರೆದೆ. ಆಂಟಿ ಬಿಡಲಿಲ್ಲ.

"ಮಗೂನ ನಾನು ನೋಡ್ಕೋತೀನಿ. ಸೋಮವಾರ, ಬುಧವಾರ ಕರೀರಿ. ನೀರು ಬರೋ ದಿನ ಕಳಿಸಲ್ಲ."

ಹಾಗೇ ಆದೇಶ ಬಂತು. ಓದಿ ಆಂಟಿಯನ್ನು ತಬ್ಬಿಕೊಂಡುಬಿಟ್ಟೆ. ಮಗಳು ಆಗಲೇ ಹಸುವಿಗೆ ಹುಲ್ಲು ಹಾಕುವುದು ಯಾವಾಗ ಅಂತ ಕೇಳುತ್ತಿದ್ದಳು.

ಮೊದಲ ಸೋಮವಾರ ಎರಡು ಬಸ್ಸು ಬದಲಿಸಿ ಆಫೀಸ್ ತಲುಪಿದೆ. ಸಂಪಿಲ್ಲ, ಸಿಲಿಂಡರಿಲ್ಲ, ಇವತ್ತಾದರೂ ನೆಮ್ಮದಿಯಾಗಿ ಕೆಲಸ ಮಾಡೋಣ ಅಂತ ಕೂತೆ. ಮ್ಯಾನೇಜರ್ ತಮ್ಮ ರೂಮಿನಿಂದ ಬಂದು ನನ್ನ ಟೇಬಲ್ ಪಕ್ಕ ನಿಂತರು.

"ಸೀಟಲ್ಲೇ ಇರ್ತೀರಲ್ಲ ಮೇಡಂ? ನಂದೊಂದು ಪಾರ್ಸೆಲ್ ಬರುತ್ತೆ, ಸ್ವಲ್ಪ ತಗೊಂಡಿಡಿ."